ಎದುರು ಗುಡ್ಡದ ಮೇಲೆ ಕಾಣುವ ಬೆಳಕು

(ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಮಳೆಗಾಲದ ಒಂದು ಭಾನುವಾರ ಆಡಿದ ಮಾತು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಎಂದದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ. ಹಂಚಿನ ಸದ್ದಿನಲ್ಲಿ ಹಿಂದಿನ ಬೆಂಚಿನವರಿಗೆ ಕೇಳದಿದ್ದರೆ ಕೈ ಎತ್ತಿ, ಇನ್ನೂ ಗಟ್ಟಿಯಾಗಿ ಮಾತಾಡುತ್ತೇನೆ. ಈ ಸದ್ದು ಇವತ್ತಿನ ವಿಷಯಕ್ಕೆ ಬೇಕಾದದ್ದೂ ಹೌದು, ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೆ ಬರುತ್ತೇನೆ.

ಇಲ್ಲಿ ಕೂತವರಲ್ಲಿ ಬಹಳ ಜನ ಕಾಲುಸಂಕ ದಾಟಿ ಶಾಲೆಗೆ ಹೋದವರು. ಎರಡು ಅಡಿಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದ್ದರೆ ಅದೇ ನಮ್ಮ ಸೇತುವೆ. ಆಷಾಢದ ಸಂಜೆ, ಕೆಳಗೆ ಹಳ್ಳ ಕೆಂಪಗೆ ಹರಿಯುತ್ತಿರುತ್ತದೆ, ಒಂದು ಕೈಯಲ್ಲಿ ಕೊಡೆ, ಪಾದ ಕಣ್ಣಿಗೆ ಕಾಣುವುದಿಲ್ಲ. ಆದರೂ ಇಲ್ಲಿ ಪಾಚಿ, ಇಲ್ಲಿ ಮರದ ಅಂಚು, ಇಲ್ಲಿ ಸ್ವಲ್ಪ ಬಲಕ್ಕೆ ವಾಲಿದೆ ಎಂದು ಪಾದಕ್ಕೆ ಗೊತ್ತಾಗುತ್ತದೆ. ನಮ್ಮ ಅಜ್ಜಿ ಹೇಳುತ್ತಿದ್ದುದು ಒಂದೇ ಮಾತು: “ಕೆಳಗೆ ನೋಡ್ಬೇಡ ಮಗಾ, ಕಾಲೇ ನೋಡ್ಕಳ್ತದೆ.”

ಕಾಲು ನೋಡಿಕೊಳ್ಳುತ್ತದೆ, ಸರಿ. ಆದರೆ ನೋಡುವ ಜಾಗ ಕಾಲಿನಲ್ಲಿಲ್ಲ. ಅಂಗಾಲಿನ ಚರ್ಮದಲ್ಲಿ, ಸ್ನಾಯುಗಳಲ್ಲಿ, ಕೀಲುಗಳಲ್ಲಿ ಒತ್ತಡವನ್ನೂ ಎಳೆತವನ್ನೂ ಗುರುತಿಸುವ ನರತುದಿಗಳಿವೆ. ಅವು ಕಳಿಸಿದ ಸುದ್ದಿ ಬೆನ್ನುಹುರಿಯ ಹಿಂಭಾಗದಲ್ಲಿ, ಬಂದ ಕಾಲಿನ ಪಕ್ಕದಲ್ಲೇ ಮೇಲೇರುತ್ತದೆ. ಮಿದುಳಿನ ಕಾಂಡದ ಕೆಳತುದಿಯಲ್ಲಿ ಇನ್ನೊಂದು ನರಕೋಶಕ್ಕೆ ಕೈದಾಟಿಸಿಕೊಂಡು, ಅಲ್ಲಿಂದ ಎದುರು ಪಕ್ಕಕ್ಕೆ ಹಾಯ್ದು, ಥಾಲಮಸ್ ಎಂಬ ಒಳನಿಲ್ದಾಣ ಮುಟ್ಟಿ, ಕೊನೆಗೆ ಮಿದುಳಿನ ಹೊರಪದರಕ್ಕೆ ಹೋಗುತ್ತದೆ. ಎಡಗಾಲಿನ ಸುದ್ದಿ ಬಲ ಮಿದುಳಿಗೆ, ಬಲಗಾಲಿನದು ಎಡ ಮಿದುಳಿಗೆ. ಆ ಹೊರಪದರದಲ್ಲಿ ಅದು ನಿಖರವಾಗಿ ಎಲ್ಲಿ ಇಳಿಯುತ್ತದೆ, ತಲೆ ತೆರೆಯದೆ, ಹೊರಗಿನಿಂದಲೇ ಅದನ್ನು ಹೇಗೆ ಕಂಡುಹಿಡಿಯುವುದು ಎಂಬುದೇ ಇವತ್ತಿನ ಮಾತು.

ನನಗೆ ಈ ವಿಷಯ ಅಂಟಿಕೊಂಡದ್ದು ಡಾಕ್ಟರಿಕೆ ಕಲಿಯುವ ದಿನಗಳಲ್ಲಿ. ನಮ್ಮ ತೋಟಕ್ಕೆ ಅಡಿಕೆ ಕೊನೆ ತೆಗೆಯಲು ಬರುತ್ತಿದ್ದವರೊಬ್ಬರು ಮರದಿಂದ ಬಿದ್ದರು. ಅವರಿಗೆ ಮರದಿಂದ ಮರಕ್ಕೆ ಹಾಯುವುದು ನೀರು ಕುಡಿದಷ್ಟು ಸಲೀಸಾಗಿತ್ತು. ಆ ದಿನ ಮರದ ತುದಿ ಮುರಿಯಿತು. ಸೊಂಟದ ಮೇಲ್ಗಡೆ ಬೆನ್ನುಮೂಳೆ ಜಜ್ಜಿತ್ತು. “ಕಾಲು ಇದ್ಯೋ ಇಲ್ವೋ ಗೊತ್ತಾಗ್ತಾ ಇಲ್ಲ ತಮ್ಮಾ” ಎಂದು ನನ್ನ ಕೈ ಹಿಡಿದುಕೊಂಡಿದ್ದರು. ಕೆಲವು ದಿನಗಳ ಮೇಲೆ ಅವರ ಪಾದದ ಗಂಟಿನ ಹತ್ತಿರ ಸಣ್ಣ ವಿದ್ಯುತ್ ತಟ್ಟು ಕೊಟ್ಟು, ತಲೆಯ ಮೇಲೆ ಅಂಟಿಸಿದ ಬಿಲ್ಲೆಗಳಿಂದ ಮಿದುಳಿನ ಉತ್ತರವನ್ನು ಅಳೆದರು. ನಾನು ಪಕ್ಕದಲ್ಲಿ ನಿಂತಿದ್ದೆ. ಪರದೆಯ ಮೇಲೆ ಅಲೆ ಬಂತು. ತಡವಾಗಿ ಬಂತು, ಸಣ್ಣದಾಗಿ ಬಂತು, ಆದರೂ ಬಂತು. ಹುರಿ ಪೂರ್ತಿ ಕಡಿದಿಲ್ಲ ಎಂದು ಅದರ ಅರ್ಥ.

ಆಗ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ತಟ್ಟು ಕೊಟ್ಟದ್ದು ಎಡಗಾಲಿಗೆ. ಸುದ್ದಿ ಹೋಗಬೇಕಾದದ್ದು ಬಲ ಮಿದುಳಿಗೆ. ಅಲೆ ದೊಡ್ಡದಾಗಿ ಕಂಡದ್ದು ನೆತ್ತಿಯ ನಡುವೆ ಮತ್ತು ಅದರ ಎಡಕ್ಕೆ. “ಸರ್, ವೈರು ಅದಲುಬದಲಾಗಿರಬೇಕು” ಎಂದೆ. ಕಲಿಸುತ್ತಿದ್ದವರು ವೈರುಗಳನ್ನು ಒಂದೊಂದಾಗಿ ತೋರಿಸಿ, “ವೈರು ಸರಿಯಾಗೇ ಇದೆ. ನೀನು ಮಿದುಳನ್ನ ಚಪ್ಪಟೆ ಹಲಗೆ ಅಂದ್ಕೊಂಡಿದ್ದೀಯ” ಎಂದರು. ಆ ಮಾತನ್ನು ಬಿಡಿಸಿಕೊಳ್ಳಲು ನನಗೆ ವರ್ಷಗಳು ಬೇಕಾದವು.

ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಪಾದದ ಗಂಟಿನ ಒಳಬದಿಯಲ್ಲಿ ಉಬ್ಬಿದ ಮೂಳೆ ಇದೆಯಲ್ಲ, ಅದರ ಹಿಂದಿನ ತಗ್ಗಿನಲ್ಲಿ ಬೆರಳಿಟ್ಟರೆ ನಾಡಿ ಬಡಿಯುವುದು ಸಿಗುತ್ತದೆ. ಆ ರಕ್ತನಾಳದ ಜೊತೆಯಲ್ಲೇ ಟಿಬಿಯಲ್ ನರ ಅಂಗಾಲಿಗೆ ಇಳಿಯುತ್ತದೆ. ಅಲ್ಲಿ ಒಂದು ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು, ಅಂದರೆ 0.2 ಮಿಲಿಸೆಕೆಂಡು, ವಿದ್ಯುತ್ ಹಾಯಿಸುತ್ತೇವೆ. ಕಾಲಿನ ಹೆಬ್ಬೆರಳು ಕೆಳಗೆ ಮಿಡಿಯುವವರೆಗೆ ಅದರ ಬಲವನ್ನು ಮೆಲ್ಲನೆ ಏರಿಸುತ್ತೇವೆ. ಬೆರಳು ಮಿಡಿದರೆ ನರ ಎಚ್ಚರಗೊಂಡಿದೆ ಎಂದು ಗೊತ್ತಾಗುತ್ತದೆ. (ನೋಯುತ್ತದಾ ಎಂದು ಎರಡನೇ ಸಾಲಿನಲ್ಲಿದ್ದ ಅಮ್ಮ ಕೇಳಿದರು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಎನ್ನುತ್ತದೆ, ಬೇಗ ಒಗ್ಗಿಹೋಗುತ್ತದೆ. ಶಾಕ್ ಕಾಲಿಗೆ ಮಾತ್ರ. ತಲೆಗೆ ಏನನ್ನೂ ಕೊಡುವುದಿಲ್ಲ, ತಲೆಯಿಂದ ಬರುವುದನ್ನು ಕೇಳಿಸಿಕೊಳ್ಳುತ್ತೇವೆ ಅಷ್ಟೆ.)

ತಲೆಯ ಮೇಲೆ ಬಿಲ್ಲೆ ಅಂಟಿಸುವುದಕ್ಕೂ ಅಳತೆಯಿದೆ. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಬರೆದಿಟ್ಟ ಕ್ರಮವನ್ನೇ ಇವತ್ತೂ ಬಳಸುತ್ತೇವೆ. ನಿಮ್ಮ ಪಕ್ಕದಲ್ಲಿ ಕೂತವರ ತಲೆಯ ಮೇಲೆ ಮಾಡಿ ನೋಡಿ: ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಮೂಳೆಯ ಉಬ್ಬಿನವರೆಗೆ ಒಂದು ದಾರ ಹಿಡಿಯಿರಿ. ಅದನ್ನು ಎರಡಾಗಿ ಮಡಚಿ. ಮಡಿಕೆ ಬಂದ ಜಾಗವೇ ನಟ್ಟನಡು ನೆತ್ತಿ. ಅಲ್ಲಿಂದ ಎರಡು ಸೆಂಟಿಮೀಟರ್ ಹಿಂದಕ್ಕೆ ಬೆರಳಿಡಿ. ಬೆರಳ ಕೆಳಗೆ, ಬುರುಡೆಯ ಒಳಗೆ, ನಿಮ್ಮ ಪಾದವಿದೆ. ಸಿಟ್ಟು ನೆತ್ತಿಗೇರಿತು ಎನ್ನುತ್ತೇವೆ. ಸಿಟ್ಟಿನ ಸಂಗತಿ ಬೇರೆ, ಆದರೆ ಅಂಗಾಲಿನ ಸುದ್ದಿ ಏರುವುದು ನಿಜವಾಗಿ ನೆತ್ತಿಗೇ.

ಆ ಉತ್ತರ ಎಷ್ಟು ಚಿಕ್ಕದು ಗೊತ್ತೇ? ಒಂದೆರಡು ಮೈಕ್ರೊವೋಲ್ಟು. ಒಂದು ಟಾರ್ಚ್ ಸೆಲ್ಲಿನ ಬಲವನ್ನು ಹದಿನೈದು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೊವೋಲ್ಟು. ಮಿದುಳು ತನ್ನಷ್ಟಕ್ಕೆ ಸದಾ ಮಾಡುತ್ತಿರುವ ವಿದ್ಯುತ್ ಗದ್ದಲ ಇದರ ಹತ್ತಾರು ಪಟ್ಟು. 1920ರ ದಶಕದಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ತಲೆಯ ಮೇಲೆ ಮೊದಲು ಅಳೆದು, 1929ರಲ್ಲಿ ಪ್ರಕಟಿಸಿದ್ದು ಆ ಗದ್ದಲವನ್ನೇ.

ಈಗ ಈ ಮಳೆಯ ಸದ್ದು ಕೇಳಿ. ಈ ಕೋಣೆಯಲ್ಲಿ ಎಲ್ಲೋ ಒಂದು ಹಂಚು ಸೋರಿ, ಕೆಳಗಿಟ್ಟ ತಪ್ಪಲೆಗೆ ಹನಿ ಬೀಳುತ್ತಿದೆ ಎಂದುಕೊಳ್ಳಿ. ಮಳೆಯ ಆರ್ಭಟದಲ್ಲಿ ಆ ಟಪ್ ಕೇಳಿಸುವುದಿಲ್ಲ. ಆದರೆ ಹನಿ ಹಂಚು ಬಿಡುವ ಗಳಿಗೆ ನಿಮಗೆ ಗೊತ್ತಿದ್ದರೆ? ಪ್ರತಿಸಲ ಆ ಗಳಿಗೆಯಿಂದ ಒಂದು ಸೆಕೆಂಡು ಸದ್ದು ದಾಖಲಿಸಿ, ಅಂಥ ಸಾವಿರ ತುಣುಕುಗಳನ್ನು ಒಂದರ ಮೇಲೊಂದು ಕೂಡಿಸಿದರೆ? ಮಳೆ ಒಮ್ಮೆ ಏರು, ಒಮ್ಮೆ ಇಳಿ. ಕೂಡಿಸಿದಷ್ಟೂ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹನಿಯ ಟಪ್ ಮಾತ್ರ ಪ್ರತಿಸಲ ಒಂದೇ ಜಾಗದಲ್ಲಿ ಬೀಳುತ್ತದೆ, ಅದು ಎದ್ದು ನಿಲ್ಲುತ್ತದೆ. ಲೆಕ್ಕದ ಪ್ರಕಾರ ಸಾವಿರ ಸಲ ಸರಾಸರಿ ಮಾಡಿದರೆ ಗದ್ದಲ ಸುಮಾರು 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಸಾವಿರದ ವರ್ಗಮೂಲ ಅಷ್ಟು. ಸೆಕೆಂಡಿಗೆ ಐದರಂತೆ ತಟ್ಟಿದರೆ ಮೂರೂವರೆ ನಿಮಿಷದೊಳಗೆ ಕೆಲಸ ಮುಗಿಯುತ್ತದೆ.

ಸರಿಯಾಗಿ ಐದು ಎಂದು ಮಾತ್ರ ಇಡಬಾರದು. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಐದು ಅದನ್ನು ಸಮನಾಗಿ ಭಾಗಿಸುವುದರಿಂದ ಕರೆಂಟಿನ ಗುಂಯ್ ಕೂಡ ಪ್ರತಿಸಲ ಒಂದೇ ಜಾಗದಲ್ಲಿ ಬಿದ್ದು, ಹನಿಯ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೇ 4.7ರಂಥ ಹೊಂದದ ಸಂಖ್ಯೆ ಇಡುತ್ತೇವೆ. ಇಂಥ ಸಣ್ಣ ಎಚ್ಚರಗಳ ಮೇಲೆಯೇ ಈ ಇಡೀ ವಿದ್ಯೆ ನಿಂತಿದೆ ಎಂದು ನಾನು ನಂಬಿದ್ದೇನೆ.

ಹೀಗೆ ಕೂಡಿಸುವ ಬುದ್ಧಿ ಲಂಡನ್ನಿನ ಜಾರ್ಜ್ ಡಾಸನ್ ಅವರದು. 1947ರಲ್ಲಿ ಅವರು ತಟ್ಟಿದ ನರಕ್ಕೆ ಮಿದುಳು ಕೊಟ್ಟ ಉತ್ತರದ ಗೆರೆಗಳನ್ನು ಒಂದೇ ಫೋಟೋ ಹಾಳೆಯ ಮೇಲೆ ಒಂದರ ಮೇಲೊಂದು ಬೀಳಿಸಿ ತೋರಿಸಿದರು. 1951ರಲ್ಲಿ ಕೂಡಿಸುವ ಯಂತ್ರವನ್ನೇ ಮಾಡಿದರು. ಕಂಪ್ಯೂಟರ್ ಇಲ್ಲದ ಕಾಲ. ತಿರುಗುವ ಒಂದು ಸ್ವಿಚ್ಚು, ಸಾಲಾಗಿ ಇಟ್ಟ ಕೆಪಾಸಿಟರ್‌ಗಳು. ಪ್ರತಿ ತಟ್ಟಿನಲ್ಲೂ ಆಯಾ ಗಳಿಗೆಯ ಪಾಲು ಆಯಾ ಕೆಪಾಸಿಟರ್‌ನಲ್ಲಿ ತುಂಬಿಕೊಳ್ಳುತ್ತಿತ್ತು. ಹಾಲಿನ ಡೇರಿಯಲ್ಲಿ ಒಬ್ಬೊಬ್ಬರ ಲೆಕ್ಕಕ್ಕೆ ಒಂದೊಂದು ಕ್ಯಾನು ಇಟ್ಟ ಹಾಗೆ.

ಕೈಯ ಮಣಿಕಟ್ಟಿನಲ್ಲಿ ತಟ್ಟಿದರೆ ಉತ್ತರ ಸುಮಾರು 20 ಮಿಲಿಸೆಕೆಂಡಿಗೆ ಬರುತ್ತದೆ, ಪಾದದ ಗಂಟಿನಲ್ಲಿ ತಟ್ಟಿದರೆ 37ರಿಂದ 40ಕ್ಕೆ. ಈ ಅಲೆಯನ್ನು ಕೆಲವರು ಪಿ37 ಎನ್ನುತ್ತಾರೆ, ಕೆಲವರು ಪಿ40. ಪಿ ಎಂದರೆ ಪಾಸಿಟಿವ್, ಧನ. ಎತ್ತರದವರಲ್ಲಿ ತಡವಾಗುತ್ತದೆ, ದಾರಿ ಉದ್ದವಲ್ಲವೇ. ಒಂದೂವರೆ ಮೀಟರ್ ದಾರಿಗೆ 40 ಮಿಲಿಸೆಕೆಂಡು ಎಂದರೆ ಸರಾಸರಿ ಗಂಟೆಗೆ 135 ಕಿಲೋಮೀಟರ್ ವೇಗ. ನರದ ವೇಗವನ್ನು ಅಳೆಯುವುದು ಎಂದಿಗೂ ಆಗದ ಮಾತು ಎಂದು ಯೋಹಾನೆಸ್ ಮ್ಯುಲ್ಲರ್ ಎಂಬ ದೊಡ್ಡ ಶರೀರಶಾಸ್ತ್ರಜ್ಞ ತಿಳಿದಿದ್ದರು. ಅವರದೇ ಶಿಷ್ಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಅಳೆದೇ ಬಿಟ್ಟರು: ಸೆಕೆಂಡಿಗೆ ಸುಮಾರು 27 ಮೀಟರ್. ಈ ಹೆಸರು ನೆನಪಿಡಿ, ಇನ್ನೊಮ್ಮೆ ಬರುತ್ತದೆ.

ಈಗ ನನ್ನನ್ನು ಕಾಡಿದ ಪ್ರಶ್ನೆಗೆ ಬರೋಣ. ಎಡಗಾಲಿನ ಅಲೆ ಎಡಕ್ಕೇಕೆ ದೊಡ್ಡದು?

ಮಿದುಳಿನ ಹೊರಪದರದಲ್ಲಿ ದೇಹದ ನಕ್ಷೆ ಇದೆ. 1937ರಲ್ಲಿ ಮೊಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಎಡ್ವಿನ್ ಬೋಲ್ಡ್ರಿ ಅದನ್ನು ಚಿತ್ರಿಸಿ ಕೊಟ್ಟರು. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲ, ಹಾಗಾಗಿ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿ ಎಚ್ಚರವಾಗಿರುತ್ತಿದ್ದ. ಮಿದುಳಿನ ಒಂದೊಂದು ಜಾಗ ಮುಟ್ಟಿದಾಗಲೂ ಎಲ್ಲಿ ಜುಮ್ಮೆಂದಿತು ಎಂದು ಕೇಳುತ್ತಾ ಹೋದರು. ನಕ್ಷೆಯಲ್ಲಿ ಮನುಷ್ಯ ತಲೆಕೆಳಗಾಗಿದ್ದಾನೆ. ಕೆಳಗೆ, ಕಿವಿಯ ಕಡೆಗೆ, ಮುಖ ಮತ್ತು ನಾಲಗೆ. ಮೇಲೆ ಕೈ, ತೋಳು. ನೆತ್ತಿಯ ಹತ್ತಿರ ಸೊಂಟ. ಅಲ್ಲಿಂದ ಮುಂದೆ ಮಿದುಳಿನ ಎರಡು ಅರೆಗಳ ನಡುವೆ ಆಳವಾದ ಸೀಳು. ಕಾಲು ಆ ಸೀಳಿನೊಳಕ್ಕೆ ಮಡಚಿಕೊಂಡು ಇಳಿಯುತ್ತದೆ. ಕೊಂಬೆಗೆ ಜೋತ ಬಾವಲಿಯ ಹಾಗೆ, ಪಾದ ಆಚೆ ಬದಿಗೆ ಸಿಕ್ಕಿಸಿಕೊಂಡು, ಮೈ ಈಚೆ ನೇತಾಡುತ್ತದೆ.

ಅಂದರೆ ಪಾದದ ಜಾಗ ಮಿದುಳಿನ ಬೆಟ್ಟದ ತುದಿಯಲ್ಲಿಲ್ಲ, ಕಣಿವೆಯ ಗೋಡೆಯಲ್ಲಿದೆ.

ಆ ಗೋಡೆಯಲ್ಲಿ ನರಕೋಶಗಳು ಹೇಗೆ ನಿಂತಿವೆ ಎಂಬುದು ಇನ್ನೊಂದು ವಿಷಯ. ಪಿರಮಿಡ್ ಕೋಶಗಳೆಂದು ಅವುಗಳ ಹೆಸರು. ಉದ್ದನೆಯ ಕಾಂಡ, ತುದಿಯಲ್ಲಿ ಕವಲು, ಬುಡದಲ್ಲಿ ಬೇರಿನಂಥ ಎಳೆಗಳು. ಸಾಲು ಹಿಡಿದು ಒಂದೇ ದಿಕ್ಕಿಗೆ ನಿಲ್ಲುತ್ತವೆ, ಥೇಟು ಅಡಿಕೆ ತೋಟ. ಒಂದು ವ್ಯತ್ಯಾಸವಿದೆ: ಅಡಿಕೆ ಮರ ಇಳಿಜಾರಿನಲ್ಲಿ ನೆಟ್ಟರೂ ಆಕಾಶಕ್ಕೇ ಮುಖ ಮಾಡುತ್ತದೆ. ಈ ಕೋಶಗಳು ಹಾಗಲ್ಲ. ತಾವು ನಿಂತ ಮೇಲ್ಮೈಗೆ ನೇರ ಲಂಬವಾಗಿ ನಿಲ್ಲುತ್ತವೆ. ನೆಲ ಸಮತಟ್ಟಾಗಿದ್ದರೆ ಮೇಲಕ್ಕೆ, ಗೋಡೆಯಾಗಿದ್ದರೆ ಅಡ್ಡಕ್ಕೆ. ಸುದ್ದಿ ಬಂದಾಗ ಇಂಥ ಹತ್ತಾರು ಸಾವಿರ ಕೋಶಗಳಲ್ಲಿ ಒಟ್ಟಿಗೆ ವಿದ್ಯುತ್ ಹರಿದು, ಒಂದು ತುದಿ ಧನ, ಇನ್ನೊಂದು ತುದಿ ಋಣವಾಗುತ್ತದೆ. ಒಂದೇ ಕೋಶವಾದರೆ ಹೊರಗೆ ಗೊತ್ತೇ ಆಗದು. ಸಾಲಾಗಿ ನಿಂತಿರುವುದರಿಂದಲೇ ಕೂಡಿಕೊಂಡು, ಬುರುಡೆ ದಾಟಿ ನಮ್ಮ ಬಿಲ್ಲೆಗೆ ಮುಟ್ಟುತ್ತದೆ.

ಕುಂದಾದ್ರಿಯ ಕಡೆಯಿಂದ ಬಂದವರು ಇಲ್ಲಿದ್ದೀರಿ, ನಿಮಗೆ ಇದು ಬೇಗ ಹೊಳೆಯುತ್ತದೆ. ಎರಡು ಗುಡ್ಡ, ನಡುವೆ ಇಕ್ಕಟ್ಟಾದ ಕಣಿವೆ. ಬಲಗಡೆ ಗುಡ್ಡದ ಇಳಿಜಾರಿನಲ್ಲಿ ಒಂದೇ ಮನೆ. ಅದರ ಜಗುಲಿ ಕಣಿವೆಯ ಕಡೆಗೆ, ಅಂದರೆ ಎಡಕ್ಕೆ ಮುಖ ಮಾಡಿದೆ. ಸಂಜೆ ಜಗುಲಿಯಲ್ಲಿ ದೀಪ ಹಚ್ಚುತ್ತಾರೆ. ಆ ಬೆಳಕು ಯಾರಿಗೆ ಚೆನ್ನಾಗಿ ಕಾಣುತ್ತದೆ? ಬಲಗುಡ್ಡದ ನೆತ್ತಿಯ ಮೇಲೆ, ಮನೆಯ ಹಿಂದೆ ನಿಂತವನಿಗೆ ಕಾಣುವುದಿಲ್ಲ. ಎಡಗುಡ್ಡದ ಮೇಲೆ ನಿಂತವನ ಮುಖಕ್ಕೇ ಬೆಳಕು. ಊರಿಗೆ ಹೊಸಬನೊಬ್ಬ ಬಂದು, ಎಲ್ಲಿ ಬೆಳಕು ಹೆಚ್ಚು ಬೀಳುತ್ತದೆ ಎಂದು ಅಳೆದು, ದೀಪ ಇರುವುದು ಎಡಗುಡ್ಡದಲ್ಲಿ ಎಂದು ಬರೆದುಕೊಂಡರೆ ಅವನ ಅಳತೆ ಸರಿ, ತೀರ್ಮಾನ ತಪ್ಪು.

ನಾನು ಮಾಡಿದ್ದು ಅದನ್ನೇ. ಎಡಗಾಲಿನ ಸುದ್ದಿ ಬಲ ಮಿದುಳಿನ ಒಳಗೋಡೆಗೇ ಹೋಗಿತ್ತು. ಅಲ್ಲಿನ ಕೋಶಗಳ ಧನ ಮುಖ ಎಡಕ್ಕಿತ್ತು. ಹಾಗಾಗಿ ತಲೆಯ ಎಡಭಾಗದಲ್ಲಿ ಧನ ಅಲೆ, ಬಲಭಾಗದಲ್ಲಿ ಅದೇ ಹೊತ್ತಿಗೆ ಋಣ ಅಲೆ. 1982ರಲ್ಲಿ ಕ್ಲೀವ್‌ಲ್ಯಾಂಡಿನ ಕ್ರೂಸ್, ಕ್ಲೆಮ್, ಲೆಸ್ಸರ್, ಲ್ಯೂಡರ್ಸ್ ಎಂಬ ನಾಲ್ವರು ಈ ವಿಚಿತ್ರವನ್ನು ವಿವರಿಸಿ, ವಿರೋಧಾಭಾಸದ ಪಕ್ಕವಾಲುವಿಕೆ ಎಂಬರ್ಥದ ಹೆಸರನ್ನೇ ಇಟ್ಟರು. ಬೆಳಕಿನ ಹೋಲಿಕೆಗೆ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. ಬೆಳಕು ನೇರ ಹೋಗುತ್ತದೆ, ವಿದ್ಯುತ್ತು ತಲೆಯ ತುಂಬ ಹರಡಿಕೊಂಡು ಹರಿಯುತ್ತದೆ. ಹಿಂಬದಿಯಲ್ಲೂ ಕತ್ತಲಿಲ್ಲ, ಋಣ ಇದೆ. ಮತ್ತೆ ಎಲ್ಲರ ಕಣಿವೆಯೂ ಒಂದೇ ಥರ ಇರುವುದಿಲ್ಲ. ಕೆಲವರಲ್ಲಿ ಪಾದದ ಜಾಗ ಗೋಡೆಯ ಅಂಚಿಗೆ, ನೆತ್ತಿಯ ಕಡೆಗೆ ಸರಿದಿರುತ್ತದೆ. ಅವರಲ್ಲಿ ಅಲೆ ನಟ್ಟನಡುವೆ ಕಾಣುತ್ತದೆ.

ಹಾಗಾದರೆ ತಲೆಯ ಮೇಲಿನ ಅಳತೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಮೂಲವನ್ನು ಹಿಡಿಯಬಹುದಲ್ಲ? ಇಲ್ಲೇ ವಿಷಯ ಬಿಗಿಯಾಗುವುದು. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ದಾರಿಯ ಹಳ್ಳಕೊಳ್ಳಗಳನ್ನೆಲ್ಲ ಕೂಡಿಸಿಕೊಂಡು ಲಿಂಗನಮಕ್ಕಿ ಜಲಾಶಯ ಸೇರುತ್ತಾಳೆ. ಯಾವ ಹಳ್ಳದಲ್ಲಿ ಎಷ್ಟು ನೀರು ಬಂತು ಎಂದು ಗೊತ್ತಿದ್ದರೆ ಜಲಾಶಯ ಎಷ್ಟು ಏರುತ್ತದೆ ಎಂದು ಹೇಳಬಹುದು. ಇದು ಮುಮ್ಮುಖ ಲೆಕ್ಕ, ಉತ್ತರ ಒಂದೇ. ಈಗ ತಿರುಗಿಸಿ. ನೀರು 1,819 ಅಡಿಯ ಗರಿಷ್ಠ ಮಟ್ಟಕ್ಕೆ ಒಂದು ಅಡಿ ಹತ್ತಿರ ಬಂತು ಎಂದಷ್ಟೇ ಪತ್ರಿಕೆಯಲ್ಲಿ ಓದಿದಿರಿ. ಮಳೆ ಹೊಸನಗರದಲ್ಲಿ ಬಂತೋ ಬಿದನೂರು ನಗರದ ಕಡೆ ಬಂತೋ, ಒಂದೇ ಕಡೆ ಹುಯ್ದಿತೋ ಹತ್ತು ಕಡೆ ಜಿನುಗಿತೋ, ಹೇಳಲು ಬರುತ್ತದೆಯೇ? ಬೇರೆ ಬೇರೆ ಮಳೆಗಳು ಒಂದೇ ಮಟ್ಟವನ್ನು ಕೊಡಬಲ್ಲವು. ಅಣೆಕಟ್ಟಿನ ಬಳಿ ಇನ್ನೂ ನೂರು ಅಳತೆಗೋಲು ನೆಟ್ಟರೂ ಆ ತೊಡಕು ಪೂರ್ತಿ ಹೋಗುವುದಿಲ್ಲ.

ತಲೆಯ ವಿಷಯದಲ್ಲೂ ಹೀಗೇ ಎಂದು 1853ರಲ್ಲೇ ಗಣಿತದಿಂದ ತೋರಿಸಿದವರು ಅದೇ ಹೆಲ್ಮ್‌ಹೋಲ್ಟ್ಸ್. ವಿದ್ಯುತ್ತು ಹರಿಯುವ ವಸ್ತುವೊಂದರ ಹೊರಮೈಯಲ್ಲಿ ಎಷ್ಟೇ ಅಳೆದರೂ, ಒಳಗಿನ ಮೂಲಗಳ ಹಂಚಿಕೆಯನ್ನು ಅದೊಂದರಿಂದಲೇ ಏಕೈಕವಾಗಿ ನಿರ್ಧರಿಸಲಾಗದು. ಕಂಪ್ಯೂಟರ್ ಎಷ್ಟು ದೊಡ್ಡದಾದರೂ ಈ ಮಾತು ಬದಲಾಗುವುದಿಲ್ಲ. ಬಣ್ಣಬಣ್ಣದ ಮಿದುಳಿನ ಚಿತ್ರದಲ್ಲಿ ಕೆಂಪು ಚುಕ್ಕೆ ತೋರಿಸಿ ಮೂಲ ಇಲ್ಲೇ ಎಂದಾಗ, ಆ ಚುಕ್ಕೆಯಲ್ಲಿ ಅಳತೆ ಎಷ್ಟು, ಊಹೆ ಎಷ್ಟು ಎಂದು ಕೇಳುವ ಹಕ್ಕು ರೋಗಿಗೂ ಇದೆ, ಓದುಗರಿಗೂ ಇದೆ.

ಊಹೆ ಎಂದರೆ ಕೀಳಾದದ್ದಲ್ಲ. ಊಹೆಯಿಲ್ಲದೆ ಇಲ್ಲಿ ಹೆಜ್ಜೆ ಇಡಲಾಗದು. ತಟ್ಟಿದ 40 ಮಿಲಿಸೆಕೆಂಡಿನಲ್ಲಿ ಎಚ್ಚರಗೊಂಡಿರುವುದು ಒಂದೇ ಸಣ್ಣ ಜಾಗ ಎಂದು ಊಹಿಸಿದರೆ, ಲೆಕ್ಕಕ್ಕೆ ಒಂದೇ ಬಾಣ ಸಾಕು: ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ, ಎಷ್ಟು ಬಲ. ಕಂಪ್ಯೂಟರ್ ಆ ಬಾಣವನ್ನು ಇಲ್ಲಿ ಇಟ್ಟು, ಅಲ್ಲಿ ಇಟ್ಟು, ತಿರುಗಿಸಿ, ತಲೆಯ ಮೇಲಿನ ಅಳತೆಗೆ ಯಾವುದು ಹೆಚ್ಚು ಹೊಂದುತ್ತದೆ ಎಂದು ಹುಡುಕುತ್ತದೆ. ಆರಂಭದ ಅಲೆಗೆ ಇದು ಒಪ್ಪುವ ಊಹೆ. ಹೊತ್ತು ಸರಿದಂತೆ ಒಪ್ಪುವುದಿಲ್ಲ. ಸುಮಾರು 100 ಮಿಲಿಸೆಕೆಂಡಿನ ಹೊತ್ತಿಗೆ ಕಿವಿಯ ಮೇಲ್ಗಡೆಯ ಆಳವಾದ ಮಡಿಕೆಯಲ್ಲಿ, ಅದೂ ಎರಡೂ ಪಕ್ಕದಲ್ಲಿ, ಎರಡನೆಯ ಸ್ಪರ್ಶಕೇಂದ್ರ ಎಚ್ಚರಗೊಂಡಿರುತ್ತದೆ. ಆಗ ಒಂದೇ ಬಾಣ ಇಟ್ಟರೆ ಅದು ಎಲ್ಲ ಮೂಲಗಳ ನಡುವೆ, ಯಾವ ಮೂಲವೂ ಇಲ್ಲದ ಜಾಗದಲ್ಲಿ ಹೋಗಿ ಕೂರುತ್ತದೆ.

ಇನ್ನೊಂದು ದಾರಿ, ಒಂದೇ ಬಾಣ ಎನ್ನದೆ ಇಡೀ ಹೊರಪದರದ ಮೇಲೆ ಸಾವಿರಾರು ಸಣ್ಣ ಬಾಣಗಳನ್ನು ಹರಡಿ, ಅಳತೆಗೆ ಹೊಂದುವ ಉತ್ತರಗಳಲ್ಲಿ ಒಟ್ಟು ಬಲ ಅತಿ ಕಡಿಮೆ ಇರುವುದನ್ನು ಆರಿಸುವುದು. 1984ರಲ್ಲಿ ಫಿನ್ಲೆಂಡಿನ ಹಮಲೈನೆನ್ ಮತ್ತು ಇಲ್ಮೊನಿಯೆಮಿ ಇದನ್ನು ಮಂಡಿಸಿದರು. ಇದರ ದೋಷ ನಮ್ಮ ಪಾದಕ್ಕೇ ತಟ್ಟುತ್ತದೆ. ಹೊರಗೆ ಹತ್ತಿರವಿರುವ ಮೂಲ ಕಡಿಮೆ ಬಲದಲ್ಲೇ ಅಳತೆ ಹೊಂದಿಸುವುದರಿಂದ, ಈ ಲೆಕ್ಕ ಆಳದಲ್ಲಿರುವುದನ್ನೂ ಮೇಲಕ್ಕೆ ಎಳೆಯುತ್ತದೆ. ಕಣಿವೆಯ ಗೋಡೆಯಲ್ಲಿರುವ ಪಾದ ನೆತ್ತಿಗೆ ತೇಲಿ ಬರುತ್ತದೆ. 1994ರಲ್ಲಿ ಪಾಸ್ಕುವಲ್ ಮಾರ್ಕಿ ಮತ್ತು ಜೊತೆಗಾರರು ಲೊರೆಟಾ ಎಂಬ ವಿಧಾನ ಕೊಟ್ಟರು. ಅಕ್ಕಪಕ್ಕದ ಜಾಗಗಳು ಒಟ್ಟಿಗೆ ನಡೆಯುತ್ತವೆ ಎಂಬುದು ಅದರ ಊಹೆ. ಅದು ಆಳವನ್ನು ಚೆನ್ನಾಗಿ ನಿಭಾಯಿಸುತ್ತದೆ, ಆದರೆ ಚಿತ್ರ ಮಸುಕಾಗುತ್ತದೆ.

ಮಸುಕಿಗೆ ಬುರುಡೆಯೂ ಕಾರಣ. ಆಗುಂಬೆಯ ಮಂಜಿನಲ್ಲಿ ಎದುರಿನ ಬಸ್ಸಿನ ಎರಡು ದೀಪ ಒಂದೇ ಬಿಳಿ ಮುದ್ದೆಯಾಗಿ ಕಾಣುವಂತೆ, ಬುರುಡೆಯ ಮೂಳೆ ವಿದ್ಯುತ್ತನ್ನು ತಡೆದು ಹರಡಿಬಿಡುತ್ತದೆ. ಎಷ್ಟು ತಡೆಯುತ್ತದೆ ಎಂಬುದರ ಮೇಲೆ ಲೆಕ್ಕವೆಲ್ಲ ನಿಂತಿದೆ. 1968ರಿಂದ ಬಹಳ ಕಾಲ ಮಿದುಳಿಗಿಂತ ಮೂಳೆ 80 ಪಟ್ಟು ತಡೆಯುತ್ತದೆ ಎಂದು ಇಟ್ಟುಕೊಂಡಿದ್ದರು; ಆಮೇಲಿನ ಅಳತೆಗಳಲ್ಲಿ 15, 25ರ ಆಸುಪಾಸು ಬಂತು. ಆ ಒಂದು ಸಂಖ್ಯೆ ಬದಲಾದರೆ ಬಾಣ ಆಳಕ್ಕೋ ಮೇಲಕ್ಕೋ ಜಾರುತ್ತದೆ. ಕಾಂತೀಯ ಅಳತೆಗೆ ಈ ಮಂಜು ಹೆಚ್ಚುಕಡಿಮೆ ಇಲ್ಲ. 1968ರಲ್ಲೇ ಡೇವಿಡ್ ಕೋಹೆನ್ ಮಿದುಳಿನ ಕಾಂತಕ್ಷೇತ್ರವನ್ನು ಮೊದಲ ಸಲ ಅಳೆದರು. ಅದು ಭೂಮಿಯ ಕಾಂತಕ್ಷೇತ್ರದ ನೂರು ಕೋಟಿಯಲ್ಲಿ ಎರಡು ಮೂರು ಪಾಲಿನಷ್ಟು. ಯಂತ್ರ ದುಬಾರಿ, ದಪ್ಪ ಗೋಡೆಯ ವಿಶೇಷ ಕೋಣೆ ಬೇಕು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕೋಶಗಳು ಬುರುಡೆಯ ಕಡೆಗೆ ನೇರ ಮುಖ ಮಾಡಿದ್ದರೆ ಆ ಯಂತ್ರಕ್ಕೆ ಕಾಣುವುದಿಲ್ಲ, ಅಡ್ಡ ಮಲಗಿದ್ದರೆ ಕಾಣುತ್ತದೆ. ಪಾದದ ಕೋಶಗಳು ಗೋಡೆಯಲ್ಲಿ ಅಡ್ಡಕ್ಕಿರುವುದು ಇಲ್ಲಿ ನಮಗೆ ಅನುಕೂಲವಾಯಿತು.

ಈ ಪಾದದ ಅಲೆಯ ಮೇಲೆ ನನಗೆ ಇಷ್ಟೊಂದು ಅಕ್ಕರೆ ಯಾಕೆ ಎಂದರೆ, ಇದು ಉತ್ತರ ಗೊತ್ತಿರುವ ಲೆಕ್ಕ. ಪೆನ್‌ಫೀಲ್ಡರ ನಕ್ಷೆಯಿಂದ, ಶಸ್ತ್ರಚಿಕಿತ್ಸೆಗೆ ಮುಂಚೆ ಮಿದುಳಿನ ಮೇಲೇ ಹಾಸಿದ ಬಿಲ್ಲೆಗಳಿಂದ, ಎಂಆರ್‌ಐ ಚಿತ್ರಗಳಿಂದ ಪಾದ ಎಲ್ಲಿದೆ ಎಂದು ನಮಗೆ ತಿಳಿದಿದೆ. ಹೊಸ ವಿಧಾನ ಯಾರೇ ತಂದರೂ ಮೊದಲು ಇದರ ಮೇಲೆ ಉಜ್ಜಿ ನೋಡಬಹುದು, ಅಕ್ಕಸಾಲಿಗರ ಒರೆಗಲ್ಲಿನ ಹಾಗೆ. ಅದೂ ಸುಲಭದ ಒರೆಗಲ್ಲಲ್ಲ. ಎಡಪಾದದ ಜಾಗ, ಬಲಪಾದದ ಜಾಗ ಎರಡೂ ಸೀಳಿನ ಆಚೀಚೆ, ನಡುವೆ ಒಂದು ಪೊರೆ. ಲೆಕ್ಕ ಒಂದು ಸೆಂಟಿಮೀಟರ್ ತಪ್ಪಿದರೆ ಸಾಕು, ಬಲ ಮಿದುಳಿನದು ಎಡ ಮಿದುಳಿಗೆ ಹೋಗಿ ಬೀಳುತ್ತದೆ. ಆದರೆ ಎರಡು ಜಗುಲಿಗಳು ಎದುರುಬದುರು ಮುಖ ಮಾಡಿವೆ. ಜಾಗದಲ್ಲಿ ಮೋಸ ಹೋದರೂ ದಿಕ್ಕು ನಿಜ ಹೇಳುತ್ತದೆ. ಬಾಣ ಎಡಕ್ಕೆ ನೋಡುತ್ತಿದ್ದರೆ ಮನೆ ಬಲಗುಡ್ಡದ್ದು. ಎಲ್ಲಿದೆ ಎನ್ನುವುದಕ್ಕಿಂತ ಎತ್ತ ನೋಡುತ್ತಿದೆ ಎಂಬುದನ್ನೇ ಮೊದಲು ಕೇಳಬೇಕು ಎಂದು ನನಗೆ ಕಲಿಸಿದ್ದು ಈ ಪುಟ್ಟ ಅಲೆ. ಮೂರ್ಛೆರೋಗದ ಮೂಲ ಹುಡುಕುವಾಗ ಉತ್ತರ ಮೊದಲೇ ಗೊತ್ತಿರುವುದಿಲ್ಲ, ಅಲ್ಲಿ ತಪ್ಪಿದರೆ ಒಬ್ಬರ ಮಿದುಳಿಗೆ ಚಾಕು ತಪ್ಪು ಜಾಗದಲ್ಲಿ ತಗಲುತ್ತದೆ.

ಉಪಯೋಗದ ಮಾತು ಚಿಕ್ಕದಾಗಿ. ಬಾಗಿದ ಬೆನ್ನುಮೂಳೆಯನ್ನು ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನ ನರವನ್ನು ಉದ್ದಕ್ಕೂ ತಟ್ಟುತ್ತಿರುತ್ತಾರೆ. ಅಲೆಯ ಎತ್ತರ ಅರ್ಧಕ್ಕೆ ಇಳಿದರೆ, ಇಲ್ಲವೇ ಶೇ 10ರಷ್ಟು ತಡವಾದರೆ, ಹುರಿಗೆ ತೊಂದರೆಯಾಗುತ್ತಿದೆ ಎಂದು ಸರ್ಜನ್‌ಗೆ ಎಚ್ಚರಿಕೆ. ಬಿ12 ಜೀವಸತ್ವ ತೀರಾ ಕಡಿಮೆಯಾದವರಲ್ಲಿ ಬೆನ್ನುಹುರಿಯ ಹಿಂಭಾಗದ ಈ ದಾರಿಯೇ ಸವೆಯುತ್ತದೆ. ಅವರು ಹಗಲು ನಡೆಯುತ್ತಾರೆ, ಕಣ್ಣು ಮುಚ್ಚಿ ನಿಂತರೆ ತೂರಾಡುತ್ತಾರೆ. ಕಾಲು ನೋಡಿಕೊಳ್ಳುವುದನ್ನು ಬಿಟ್ಟಿರುತ್ತದೆ, ಸಂಕದ ಮೇಲೆ ಕಾಲಿಡಲಾಗುವುದಿಲ್ಲ. ಹೊತ್ತು ಮೀರುವ ಮುಂಚೆ ಗುರುತಿಸಿದರೆ ಚುಚ್ಚುಮದ್ದಿನಿಂದ ಬಹಳಷ್ಟು ಸರಿಹೋಗುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು. ಹತ್ತನೇ ತರಗತಿಯ ಹುಡುಗಿಯೊಬ್ಬಳು, “ಸರ್, ಕಾಲು ತೆಗೆದವರಿಗೂ ಕಾಲು ನೋಯ್ತದೆ ಅಂತಾರಲ್ಲ, ಅದು ಹೇಗೆ?” ಎಂದು ಕೇಳಿದಳು. ಕಾಲು ಹೋದರೂ ಸೀಳಿನ ಗೋಡೆಯಲ್ಲಿ ಕಾಲಿನ ಜಾಗ ಉಳಿದಿರುತ್ತದೆ, ಮನೆಯವರು ಇಲ್ಲದಿದ್ದರೂ ಜಗುಲಿ ಇರುತ್ತದಲ್ಲ, ಹಾಗೆ, ಎಂದೆ. ಆ ನೋವು ನಿಜವಾದ ನೋವು, ಅದನ್ನು ಭ್ರಮೆ ಎಂದು ತಳ್ಳಿಹಾಕಬೇಡಿ ಎಂದೂ ಹೇಳಿದೆ.

ಕೊನೆಯ ಪ್ರಶ್ನೆ ಬಾಗಿಲ ಹತ್ತಿರ ನಿಂತಿದ್ದ ಕೊನೆ ತೆಗೆಯುವವರೊಬ್ಬರದು. “ಡಾಕ್ಟ್ರೇ, ಅದೆಲ್ಲ ಆಸ್ಪತ್ರೆಗೆ ಹೋದ್ಮೇಲಿನ ಕತೆ. ಮರದಿಂದ ಬಿದ್ದವನನ್ನ ತೋಟದಿಂದ ರಸ್ತೆಗೆ ತರೋದು ಹೇಗೆ, ಅದು ಹೇಳಿ.” ಇಡೀ ಸಂಜೆಯ ಅತಿ ಮುಖ್ಯ ಪ್ರಶ್ನೆ ಅದು. ಬಿದ್ದವರನ್ನು ಎಬ್ಬಿಸಿ ಕೂರಿಸಬೇಡಿ. ನೀರು ಕುಡಿಸಲು ತಲೆ ಎತ್ತಬೇಡಿ. ಆಂಬುಲೆನ್ಸ್‌ಗೆ 108ಕ್ಕೆ ಫೋನು ಮಾಡಿ. ಅದು ತೋಟದವರೆಗೆ ಬರಲಾಗದಿದ್ದರೆ ಮಾತ್ರ, ನಾಲ್ಕೈದು ಜನ ಸೇರಿ, ಒಬ್ಬರು ತಲೆ ಕತ್ತನ್ನು ಅಲುಗದಂತೆ ಹಿಡಿದು, ಮೈಯನ್ನು ಒಂದೇ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಿ, ಕೆಳಗೆ ಗಟ್ಟಿ ಹಲಗೆ ಸರಿಸಿ. ಮೈಯನ್ನು ಹಲಗೆಗೆ ಕಟ್ಟಿ. ಹಾಗೇ ಮಟ್ಟಸವಾಗಿ ಎತ್ತಿ ತನ್ನಿ. ಬೆನ್ನು ಬಾಗಬಾರದು, ತಿರುಚಬಾರದು.

ನಮ್ಮ ತೋಟದಲ್ಲಿ ಬಿದ್ದವರನ್ನು ಅವತ್ತು ನಾವು ಕಂಬಳಿಯಲ್ಲಿ ಜೋಲಿ ಕಟ್ಟಿ, ಎರಡು ಸಂಕ ದಾಟಿಸಿ ತಂದಿದ್ದೆವು. ದಾರಿಯುದ್ದಕ್ಕೂ ಅವರ ಬೆನ್ನು ಬಾಗಿಯೇ ಇತ್ತು. ಹಲಗೆ ನಮ್ಮ ಮನೆಯ ಅಟ್ಟದ ಮೇಲಿತ್ತು.